ಸಾಫ್ಟ್ ಪವರ್ ಅಂಗಡಿಗೆ ಬೀಗ ಹಾಕಿದ ಅಮೆರಿಕ: ನಾಳೆ ಮತ್ತೆ ತೆಗೆದರೆ ಒಳಗೆ ಏನು ಉಳಿದಿರುತ್ತೆ?

ನೇರಳೆಮರ
2025ರ ಒಂದೇ ವರ್ಷದಲ್ಲಿ ನಡೆದದ್ದು ನೋಡಿ. ಜನವರಿ 20ಕ್ಕೆ ವಿದೇಶಿ ನೆರವಿಗೆ 90 ದಿನದ ತಡೆ. ಮಾರ್ಚ್ 15ಕ್ಕೆ ಅಮೆರಿಕ ಸರ್ಕಾರದ ಪ್ರಸಾರ ಸಂಸ್ಥೆ ವಾಯ್ಸ್ ಆಫ್ ಅಮೆರಿಕದ ಸುಮಾರು 1,300 ಸಿಬ್ಬಂದಿಗೆ ಕಡ್ಡಾಯ ರಜೆ. ಮೇ 27ಕ್ಕೆ ವಿದ್ಯಾರ್ಥಿ ವೀಸಾ ಸಂದರ್ಶನಗಳಿಗೆ ಹೊಸ ಸಮಯ ಕೊಡೋದು ನಿಂತಿತು. 1961ರಲ್ಲಿ ಕೆನಡಿ ಶುರು ಮಾಡಿದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ ಜುಲೈ 1ಕ್ಕೆ ಮುಚ್ಚಿತು, ಉಳಿದ ಚೂರುಪಾರು ವಿದೇಶಾಂಗ ಇಲಾಖೆಗೆ ಹೋಯ್ತು.

ಯುಕ್ರೇನ್, ಗಾಜಾ, ಸುಡಾನ್ ಹೊತ್ತಿ ಉರಿಯೋ ಕಾಲದಲ್ಲಿ ಕ್ಷಿಪಣಿ ಇದ್ದವನ ಮಾತೇ ನಡೆಯೋದು, ಸಾಫ್ಟ್ ಪವರ್ (ಬಲವಂತ ಇಲ್ಲದೆ ಬೇರೆ ದೇಶಗಳನ್ನ ಒಲಿಸಿಕೊಳ್ಳೋ ಶಕ್ತಿ) ಎಲ್ಲ ಶಾಂತಿಕಾಲದ ಶೋಕಿ ಅಂತ ಒಂದು ವಾದ ಎಲ್ಲ ಕಡೆ ಕೇಳ್ತಿದೆ. ನಾನು ಅದನ್ನ ಒಪ್ಪಲ್ಲ. ಆದರೆ ಇಲ್ಲಿ ಕೇಳ್ತಿರೋದು ಬೇರೆ: ಮುಂದೊಂದು ಸರ್ಕಾರ ಬಂದು "ಸರಿ, ಮತ್ತೆ ಶುರು ಮಾಡಿ" ಅಂದರೆ ಯಾವುದು ಮತ್ತೆ ಎದ್ದು ನಿಲ್ಲುತ್ತೆ, ಯಾವುದು ಏಳೋದೇ ಇಲ್ಲ? ದಯವಿಟ್ಟು ಕೆಲಸ ಹೇಗೆ ನಡೀತಿತ್ತು ಅನ್ನೋದನ್ನ ಬಲ್ಲವರು ಬರೀರಿ. "ಅಮೆರಿಕ ಮುಗೀತು", "ಅಮೆರಿಕಕ್ಕೆ ಏನೂ ಆಗಲ್ಲ" ಅನ್ನೋ ಘೋಷಣೆ ಬೇಡ.

ಸಂಪಿಗೆ_ರಸ್ತೆ
ಹಾಲಿವುಡ್ ಇದೆ, ಜೀನ್ಸ್ ಇದೆ, ಐಫೋನ್ ಇದೆ. ಕಳಕೊಂಡಿದ್ದು ಏನು ಹೇಳಿ?

ಕೋಟೆ_ಕೊತ್ತಲ
@ಸಂಪಿಗೆ_ರಸ್ತೆ, ಇದು ಎಲ್ಲರೂ ಮಾಡೋ ತಪ್ಪು. 1990ರಲ್ಲಿ ಸಾಫ್ಟ್ ಪವರ್ ಅನ್ನೋ ಪದ ಕೊಟ್ಟ ಅಮೆರಿಕದ ವಿದ್ವಾಂಸ ಜೋಸೆಫ್ ನೈ (2025ರ ಮೇ ತಿಂಗಳಲ್ಲಿ ತೀರಿಕೊಂಡರು) ಮೂರು ಮೂಲ ಹೇಳಿದ್ದರು: ಸಂಸ್ಕೃತಿ, ರಾಜಕೀಯ ಮೌಲ್ಯ, ನ್ಯಾಯಸಮ್ಮತ ಅಂತ ಬೇರೆಯವರಿಗೆ ಕಾಣುವ ವಿದೇಶಾಂಗ ನೀತಿ. ಸಿನಿಮಾ ಮೊದಲನೇದಕ್ಕೆ ಮಾತ್ರ ಸೇರುತ್ತೆ. ಸಿನಿಮಾ ನೋಡಿದವನು ಸೈನ್ಯಕ್ಕೆ ದಾರಿ ಬಿಡ್ತಾನೆ ಅಂತ ಏನೂ ಇಲ್ಲ.

ಅದಕ್ಕೆ ಲೆಕ್ಕ ಇಟ್ಟು ತೋರಿಸಬಹುದಾದ ಉದಾಹರಣೆ 2003ರ ತುರ್ಕಿ. ಇರಾಕ್ ಮೇಲೆ ಉತ್ತರದಿಂದ ನುಗ್ಗೋಕೆ ಸುಮಾರು 62,000 ಅಮೆರಿಕನ್ ಸೈನಿಕರಿಗೆ ದಾರಿ ಬೇಕಿತ್ತು. ಮಾರ್ಚ್ 1ರಂದು ತುರ್ಕಿ ಸಂಸತ್ತಿನಲ್ಲಿ ಮತದಾನ: ಪರ 264, ವಿರೋಧ 250, ತಟಸ್ಥ 19. ಪರ ಹೆಚ್ಚು ಬಿದ್ದರೂ ಹಾಜರಿದ್ದವರ ಬಹುಮತಕ್ಕೆ ಮೂರು ಮತ ಕಡಿಮೆ, ಹಾಗಾಗಿ ನಿರ್ಣಯ ಬಿತ್ತು. ತುರ್ಕಿ ಕರಾವಳಿಯ ಆಚೆ ಕಾಯುತ್ತಿದ್ದ 4ನೇ ಪದಾತಿ ಡಿವಿಷನ್‌ನ ಹಡಗುಗಳು ಸುಯೆಜ್ ದಾಟಿ ಕುವೈತಿಗೆ ಸುತ್ತಿಕೊಂಡು ಹೋಗಬೇಕಾಯ್ತು. ಯುದ್ಧ ಶುರುವಾದಾಗ ಆ ಟ್ಯಾಂಕುಗಳು ಇನ್ನೂ ಸಮುದ್ರದ ಮೇಲಿದ್ದವು.

ಇದು ಶೋಕಿನಾ? ಮೂರು ಮತ! ಜನ ನಿಮ್ಮನ್ನ ನಂಬದೇ ಇದ್ದಾಗ ಮಿತ್ರ ಸರ್ಕಾರಕ್ಕೂ ಮತ ಹಾಕಿಸೋಕೆ ಆಗಲ್ಲ. ಅಶಾಂತಿ ಹೆಚ್ಚಾದಷ್ಟೂ ನೆಲೆ, ಬಂದರು, ವಾಯುಮಾರ್ಗಕ್ಕೆ ಬೇರೆಯವರ ಒಪ್ಪಿಗೆ ಹೆಚ್ಚು ಬೇಕು.

ಪದಕೋಶ
ಸಣ್ಣ ತಕರಾರು. ಪತ್ರಿಕೆಗಳಲ್ಲಿ "ಮೃದುಶಕ್ತಿ" ಅಂತ ಬರೀತಾರೆ. ಓದಿದರೆ ಮೆತ್ತನೆಯ ಶಕ್ತಿ, ಬಲಹೀನ ಶಕ್ತಿ ಅನ್ನಿಸುತ್ತೆ. "ವರ್ಚಸ್ಸು" ಅಂದರೆ ಸಾಲದಾ?

ಕೋಟೆ_ಕೊತ್ತಲ
ವರ್ಚಸ್ಸು ಹತ್ತಿರ ಇದೆ, ಆದರೆ ವರ್ಚಸ್ಸಿಗೆ ಜನ ತಲೆಬಾಗ್ತಾರೆ. ಇಲ್ಲಿ ವಿಷಯ ಒಲಿಸಿಕೊಳ್ಳೋದು, ನಮಗೆ ಬೇಕಾದ್ದು ಅವರಿಗೂ ಬೇಕು ಅನ್ನಿಸೋ ಹಾಗೆ ಮಾಡೋದು. "ಸೆಳೆತ" ಅಂದರೆ ಇನ್ನೂ ಸರಿ ಅನ್ನಿಸುತ್ತೆ.

ತೂಕದ_ಬಟ್ಟು
ಯುಎಸ್‌ಏಡ್ ಬಗ್ಗೆ. "ಮತ್ತೆ ಶುರು" ಯಾಕೆ ಸುಲಭ ಅಲ್ಲ ಅಂತ ಒಂದೇ ವಸ್ತು ಇಟ್ಟುಕೊಂಡು ಹೇಳ್ತೀನಿ: ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಕೊಡುವ ಕಡಲೆಕಾಯಿ ಪೇಸ್ಟ್.

ಒಂದು ಪ್ಯಾಕೆಟ್ 92 ಗ್ರಾಂ, 500 ಕ್ಯಾಲೊರಿ. ಒಳಗೆ ಕಡಲೆಕಾಯಿ ಪೇಸ್ಟ್, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಮತ್ತು ಖನಿಜದ ಪುಡಿ. ನೀರು ಬೇಡ, ಒಲೆ ಬೇಡ. ಮೂಲೆ ಹರಿದು ಹಿಂಡಿದರೆ ಮಗು ನೇರವಾಗಿ ಚೀಪುತ್ತೆ. ತೇವಾಂಶ ತೀರಾ ಕಡಿಮೆ ಇರೋದರಿಂದ ಬ್ಯಾಕ್ಟೀರಿಯಾ ಬೆಳೆಯಲ್ಲ, ಬಿಸಿಲಿನ ಗೋದಾಮಿನಲ್ಲೂ ಎರಡು ವರ್ಷ ಇರುತ್ತೆ. ಮಗುವಿನ ತೋಳಿಗೆ ಅಳತೆ ಪಟ್ಟಿ ಸುತ್ತುತ್ತಾರೆ: 115 ಮಿಲಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು, 125ರವರೆಗೆ ಹಳದಿ, ಆಮೇಲೆ ಹಸಿರು. ಕೆಂಪು ಬಂದು ಬೇರೆ ತೊಡಕಿಲ್ಲದೆ ಪೇಸ್ಟ್ ತಿನ್ನೋ ಹಸಿವಿದ್ದರೆ ತೂಕ ನೋಡಿ ದಿನಕ್ಕೆ ಎರಡೋ ಮೂರೋ ಪ್ಯಾಕೆಟ್, ವಾರದ ಪಡಿ ತಾಯಿ ಕೈಗೆ. ಆರರಿಂದ ಎಂಟು ವಾರ. ಒಂದು ಪೆಟ್ಟಿಗೆಯಲ್ಲಿ 150 ಪ್ಯಾಕೆಟ್, ಅಂದರೆ 13.8 ಕಿಲೊ. ಹೆಚ್ಚುಕಡಿಮೆ ಒಂದು ಪೆಟ್ಟಿಗೆ ಅಂದರೆ ಒಂದು ಮಗು.

ಈಗ ತಡೆ ಬಿದ್ದಾಗ ಆದದ್ದು. ಜನವರಿ 24ಕ್ಕೆ ಕೆಲಸ ನಿಲ್ಲಿಸಿ ಅಂತ ಆದೇಶ. ನಾಲ್ಕೇ ದಿನದಲ್ಲಿ "ಜೀವ ಉಳಿಸುವ ನೆರವಿಗೆ ವಿನಾಯಿತಿ" ಅಂತ ಘೋಷಣೆಯೂ ಬಂತು. ಆದರೆ ಬಿಲ್ ಪಾವತಿಸೋ ಸಿಬ್ಬಂದಿ ರಜೆ ಮೇಲೆ, ಪಾವತಿ ವ್ಯವಸ್ಥೆ ಬಂದ್. ಕಾಗದದ ಮೇಲೆ ಅನುಮತಿ, ಕೈಯಲ್ಲಿ ಕಾಸಿಲ್ಲ. ರೋಡ್ ಐಲೆಂಡ್‌ನ ಕಾರ್ಖಾನೆಯ ಗೋದಾಮಿನಲ್ಲಿ ಪೆಟ್ಟಿಗೆಗಳು ರಾಶಿ ಬಿದ್ದವು. ಆ ಕಡೆ ತೋಳಿನ ಪಟ್ಟಿ ಹಿಡಿದು ಹಳ್ಳಿ ಸುತ್ತುತ್ತಿದ್ದ ಕಾರ್ಯಕರ್ತೆಯ ಕೆಲಸ ಹೋಯ್ತು. ಪೆಟ್ಟಿಗೆ ಆಮೇಲೆ ಬಂದರೂ ಯಾವ ಮನೆಯಲ್ಲಿ ಯಾವ ಮಗು ಕೆಂಪಿನಲ್ಲಿತ್ತು ಅಂತ ಹೇಳೋರು ಇಲ್ಲ. ಕಾರ್ಖಾನೆ ಒಂದು ವಾರದಲ್ಲಿ ಶುರು ಮಾಡಬಹುದು. ಆಕೆಯನ್ನ ಹುಡುಕಿ ತರಬೇತಿ ಕೊಟ್ಟು ಊರಿನವರ ನಂಬಿಕೆ ಗಳಿಸೋಕೆ ವರ್ಷಗಳು ಹಿಡಿಯುತ್ತೆ.

ಇನ್ನೊಂದು. 2025ರ ಜುಲೈನಲ್ಲಿ ದುಬೈ ಗೋದಾಮಿನಲ್ಲಿದ್ದ ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತು ಅವಧಿ ಮುಗೀತು ಅಂತ ನಾಶ ಮಾಡಿದರು. ಬೆಲೆ ಸುಮಾರು 8 ಲಕ್ಷ ಡಾಲರ್. ನಾಶ ಮಾಡೋಕೇ ಮತ್ತೆ 1 ಲಕ್ಷ 30 ಸಾವಿರ ಡಾಲರ್. ಸಹಿ ಹಾಕಿ ಕಳಿಸೋರು ಇರಲಿಲ್ಲ, ಅಷ್ಟೇ ಕಾರಣ. ಇದನ್ನ ಬರೆಯುವಾಗಲೂ ಹೊಟ್ಟೆ ಉರಿಯುತ್ತೆ.

ಹೊನ್ನೆ_ಹೂವು
@ತೂಕದ_ಬಟ್ಟು, ಆ ಪೇಸ್ಟ್ ಅಮೆರಿಕದ ಆವಿಷ್ಕಾರ ಅಲ್ಲ. 1990ರ ದಶಕದಲ್ಲಿ ಫ್ರಾನ್ಸಿನ ಆಂದ್ರೆ ಬ್ರಿಯಾಂ ಮಾಡಿದ್ದು.

ತೂಕದ_ಬಟ್ಟು
ಸರಿ, ತಯಾರಿಕೆ ಮಾತ್ರ ಅಲ್ಲೂ ಇದೆ. ಆದರೆ ಪೆಟ್ಟಿಗೆ ಮೇಲೆ "ಅಮೆರಿಕದ ಜನರಿಂದ" ಅಂತ ಅಚ್ಚಾಗಿ ಹೋಗ್ತಿತ್ತಲ್ಲ, ಸಾಫ್ಟ್ ಪವರ್ ಲೆಕ್ಕಕ್ಕೆ ಬರೋದು ಅದೇ.

ಅಕ್ಕಿಹೆಬ್ಬಾಳು
ನನಗೆ ಈ ಇಡೀ ವಾದವೇ ಒಪ್ಪಿಗೆ ಇಲ್ಲ. ನೆರವು ಕೊಟ್ಟರೆ ಒಲವು ಹುಟ್ಟುತ್ತೆ ಅನ್ನೋಕೆ ಭಾರತವೇ ಉಲ್ಟಾ ಸಾಕ್ಷಿ. ಪಿಎಲ್-480, ಬೇರೆ ದೇಶಗಳಿಗೆ ಧಾನ್ಯ ಕೊಡೋಕೆ ಅಮೆರಿಕ ಮಾಡಿದ 1954ರ ಕಾಯ್ದೆ. ಅದರ ಹುಟ್ಟು ನಮ್ಮ ಹಸಿವಿಗಲ್ಲ, ಅಲ್ಲಿನ ರೈತರ ಹೆಚ್ಚುವರಿ ಗೋಧಿ ಖಾಲಿ ಮಾಡೋಕೆ. 1965-66ರ ಬರದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಏನು ಮಾಡಿದರು? ವರ್ಷಗಟ್ಟಲೆಯ ಒಪ್ಪಂದ ಬಿಟ್ಟು ಸ್ವಲ್ಪಸ್ವಲ್ಪವೇ ಗೋಧಿ ಬಿಡುಗಡೆ ಮಾಡಿದರು. ಕೃಷಿ ನೀತಿ ಬದಲಿಸಿ ಅನ್ನೋ ಒತ್ತಾಯ ಒಂದು ಕಡೆ, ವಿಯೆಟ್ನಾಂ ಯುದ್ಧ ಟೀಕಿಸ್ತೀರಿ ಅನ್ನೋ ಸಿಟ್ಟು ಇನ್ನೊಂದು ಕಡೆ. ಹಡಗಿಂದ ನೇರ ಬಾಯಿಗೆ ಅನ್ನೋ ಸ್ಥಿತಿ. ಆ ಅವಮಾನ ದೆಹಲಿ ಇವತ್ತಿಗೂ ಮರೆತಿಲ್ಲ, ಹಸಿರು ಕ್ರಾಂತಿಗೆ ಅಷ್ಟು ಹಟ ಬಂದದ್ದೂ ಅಲ್ಲಿಂದಲೇ.

ಅದೂ ಅಲ್ಲದೆ, ಆಹಾರ ನೆರವಿನ ಅರ್ಧದಷ್ಟನ್ನ ಅಮೆರಿಕದ ಬಾವುಟದ ಹಡಗಿನಲ್ಲೇ ಸಾಗಿಸಬೇಕು ಅಂತ ಅವರದೇ ಕಾನೂನು. ಬಾಡಿಗೆ ದುಬಾರಿ, ತಡ ಬೇರೆ. ಅದೇ ದುಡ್ಡಿಗೆ ಪಕ್ಕದ ದೇಶದಲ್ಲಿ ಧಾನ್ಯ ಕೊಂಡಿದ್ದರೆ ಎಷ್ಟೋ ಹೆಚ್ಚು ಹೊಟ್ಟೆ ತುಂಬುತ್ತಿತ್ತು.

ತೂಕದ_ಬಟ್ಟು
ಹಡಗಿನ ಮಾತು ಒಪ್ಪಿದೆ. ಆದರೆ ನೆರವಿಂದ ಒಲವೇ ಹುಟ್ಟಲ್ಲ ಅನ್ನೋದು ತಪ್ಪು. ಇಂಡೊನೇಷ್ಯಾ ನೋಡಿ. ಇರಾಕ್ ಯುದ್ಧದ ನಂತರ 2003ರಲ್ಲಿ ಪ್ಯೂ ಸಮೀಕ್ಷೆಯಲ್ಲಿ ಅಮೆರಿಕದ ಬಗ್ಗೆ ಒಳ್ಳೆ ಅಭಿಪ್ರಾಯ ಇದ್ದವರು ಶೇ. 15. 2004ರ ಡಿಸೆಂಬರ್ ಸುನಾಮಿ ಆದ ಮೇಲೆ ಅಮೆರಿಕದ ಅಬ್ರಹಾಂ ಲಿಂಕನ್ ನೌಕೆಯ ಹೆಲಿಕಾಪ್ಟರುಗಳು ಅಲ್ಲಿನ ಆಚೆ ಅನ್ನೋ ಪ್ರಾಂತ್ಯಕ್ಕೆ ನೀರು, ಆಹಾರ ಹೊತ್ತವು, ಆಸ್ಪತ್ರೆ ಹಡಗು ಬಂತು. 2005ರ ಸಮೀಕ್ಷೆಯಲ್ಲಿ ಶೇ. 38. ಷರತ್ತು ಹಾಕಿ ಕೊಟ್ಟ ಗೋಧಿ ಬೇರೆ, ಕೇಳುವ ಮೊದಲೇ ಬಂದ ನೀರು ಬೇರೆ.

ತಾಳೆಗರಿ
@ಅಕ್ಕಿಹೆಬ್ಬಾಳು, ಪಿಎಲ್-480ಗೆ ಯಾರೂ ಹೇಳದ ಇನ್ನೊಂದು ಮುಖ ಇದೆ, ಅದು ಕನ್ನಡಕ್ಕೆ ನೇರವಾಗಿ ತಾಗುತ್ತೆ.

ಗೋಧಿಗೆ ಭಾರತ ಕೊಟ್ಟದ್ದು ರೂಪಾಯಿ. ಆ ರೂಪಾಯಿ ಅಮೆರಿಕಕ್ಕೆ ಒಯ್ಯೋ ಹಾಗಿರಲಿಲ್ಲ, ಇಲ್ಲೇ ಖರ್ಚಾಗಬೇಕು. ರಾಶಿ ಬಿದ್ದ ರೂಪಾಯಿಯಲ್ಲಿ ಒಂದು ಪಾಲು ಪುಸ್ತಕ ಕೊಳ್ಳೋಕೆ ಹೋಯ್ತು. 1962ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ತೆರೆದು ಭಾರತೀಯ ಭಾಷೆಗಳ ಪುಸ್ತಕ, ಪತ್ರಿಕೆಗಳನ್ನ ಹಲವು ಪ್ರತಿ ಕೊಂಡು, ಇಲ್ಲೇ ಸೂಚಿ ಮಾಡಿಸಿ, ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹಂಚಿತು. ಶಿಕಾಗೊದಂಥ ಕಡೆ ಕನ್ನಡದ ಕಾದಂಬರಿ, ಕವನ ಸಂಕಲನ, ಶಾಸನ ಸಂಪುಟ ಕಪಾಟು ತುಂಬಾ ಕೂತದ್ದು ಹೀಗೆ. ಮೈಸೂರಿನ ಎ.ಕೆ. ರಾಮಾನುಜನ್ ಫುಲ್‌ಬ್ರೈಟ್ ವೇತನದ ಮೇಲೆ ಇಂಡಿಯಾನಾಕ್ಕೆ ಹೋಗಿ, 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಶಿಕಾಗೊದಲ್ಲಿ ಪಾಠ ಮಾಡಿದರು. 1973ರಲ್ಲಿ ಅವರ ಅನುವಾದದಲ್ಲಿ ಬಸವಣ್ಣ, ಅಕ್ಕ, ಅಲ್ಲಮ ಇಂಗ್ಲಿಷ್ ಓದುಗರ ಮನೆ ಸೇರಿದರು.

ರೂಪಾಯಿ ಮುಗಿದ ಮೇಲೂ ಅದು ನಿಲ್ಲಲಿಲ್ಲ. ಗ್ರಂಥಾಲಯಗಳೇ ತಮ್ಮ ದುಡ್ಡು ಹಾಕಿ ಸಹಕಾರಿ ಖರೀದಿಯಾಗಿ ಮುಂದುವರಿಸಿದವು. ದೆಹಲಿ ಕಚೇರಿ ಅಮೆರಿಕದ ಸಂಸತ್ತಿನ ಗ್ರಂಥಾಲಯಕ್ಕೆ ಸೇರಿದ್ದು, ಯುಎಸ್‌ಏಡ್‌ಗಲ್ಲ. ಯಾವುದು ಉಳೀತು ಅನ್ನೋದಕ್ಕೆ ಇದನ್ನೂ ಲೆಕ್ಕಕ್ಕೆ ಹಿಡೀರಿ.

ರಾಗಿ_ತೆನೆ
ಅದೇ ಸಾಲಿಗೆ ಹೆಬ್ಬಾಳ ಸೇರಿಸಿ. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಶುರುವಾದಾಗ ಯುಎಸ್‌ಏಡ್ ಮೂಲಕ ಕೈಜೋಡಿಸಿದ್ದು ಟೆನೆಸಿ ವಿಶ್ವವಿದ್ಯಾಲಯ. ಪಾಠ, ಸಂಶೋಧನೆ, ರೈತರಿಗೆ ತಲುಪಿಸುವ ವಿಸ್ತರಣೆ, ಮೂರೂ ಒಂದೇ ಸೂರಿನಡಿ ಇರಬೇಕು ಅನ್ನೋ ಮಾದರಿ ಅಲ್ಲಿಂದ ಬಂದದ್ದು. ಅವರು ಹೋಗಿ ದಶಕಗಳಾದವು, ರಾಗಿ ತಳಿ ಕೆಲಸ ನಮ್ಮವರೇ ನಡೆಸ್ತಿದ್ದಾರೆ.

ಬೆಳ್ಳುಳ್ಳಿ_ಕಬಾಬ್
ಶಾಲೆಗಳ ಕೇರ್ ಉಪ್ಪಿಟ್ಟು ಬಿಟ್ಟಿರಲ್ಲ! ಅದೂ ಅಮೆರಿಕದ ಗೋಧಿಯೇ ಅಲ್ವಾ?

ರಾಗಿ_ತೆನೆ
ಎರಡು ಬಗೆ ಇತ್ತು, ಜನ ಕಲಸಿ ಹೇಳ್ತಾರೆ. ಒಂದು ಬಲ್ಗರ್, ಅಂದರೆ ಬೇಯಿಸಿ ಒಣಗಿಸಿ ಒಡೆದ ಗೋಧಿ, ಉದುರು ಉದುರು. ಇನ್ನೊಂದು ಮೆಕ್ಕೆಜೋಳ, ಸೋಯಾ, ಹಾಲಿನ ಪುಡಿ ಸೇರಿಸಿದ ಹಳದಿ ಹಿಟ್ಟು. ಅದನ್ನ ಉಪ್ಪಿಟ್ಟು ಮಾಡಿದರೆ ಮುದ್ದೆಯಾಗ್ತಿತ್ತು. ನೀರಿನ ಅಳತೆ ತಪ್ಪಿದರೆ ತಳ ಹಿಡಿಯೋದು ಖಾತ್ರಿ, ಯಾಕಂದರೆ ಹಾಲಿನ ಪುಡಿ ಬೇಗ ಸೀಯುತ್ತೆ.

ನೇರಳೆಮರ
ಉಪ್ಪಿಟ್ಟಿಗೆ ಬೇರೆ ಚರ್ಚೆ ಶುರು ಮಾಡೋಣ :) ರೇಡಿಯೊ ಬಲ್ಲವರು ಯಾರಾದರೂ?

ಮೂವತ್ತೊಂದು_ಮೀಟರ್
ಮೊದಲು ತಿದ್ದುಪಡಿ. ವಾಯ್ಸ್ ಆಫ್ ಅಮೆರಿಕ ಪೂರ್ತಿ ಸತ್ತಿಲ್ಲ. ಏಪ್ರಿಲ್ 22ಕ್ಕೆ ನ್ಯಾಯಾಲಯ ಮಧ್ಯೆ ಬಂತು, ಕೆಲವೇ ಭಾಷೆಗಳು ತೆವಳಿಕೊಂಡು ನಡೆದವು. ಜೂನ್ 13ರಂದು ಇಸ್ರೇಲ್ ಇರಾನ್ ಮೇಲೆ ದಾಳಿ ಶುರು ಮಾಡಿತು ನೋಡಿ, ಅವತ್ತೇ ರಜೆ ಮೇಲಿದ್ದ ಫಾರ್ಸಿ ಸಿಬ್ಬಂದಿಗೆ "ತಕ್ಷಣ ಬನ್ನಿ" ಅಂತ ಕರೆ ಹೋಯ್ತು. ಶಾಂತಿಕಾಲದ ಶೋಕಿ ಅನ್ನೋರಿಗೆ ಇದಕ್ಕಿಂತ ಉತ್ತರ ಬೇಕಾ? ಆ ಯುದ್ಧದಲ್ಲೇ ಇರಾನ್ ಇಂಟರ್ನೆಟ್ ಕತ್ತರಿಸಿತು. ಇಂಟರ್ನೆಟ್ ಹೋದಾಗ ಉಳಿಯೋದು ಉಪಗ್ರಹ ಟಿವಿ ಮತ್ತು ಶಾರ್ಟ್‌ವೇವ್, ಅಂದರೆ ದೂರದ ದೇಶಗಳಿಗೂ ತಲುಪುವ ರೇಡಿಯೊ.

ಶಾರ್ಟ್‌ವೇವ್ ನಿಲ್ಲಿಸಿ ಮತ್ತೆ ಶುರು ಮಾಡೋದರ ಕಷ್ಟ:

ತರಂಗಾಂತರ ವರ್ಷಕ್ಕೆ ಎರಡು ಋತುವಿಗೆ ನೋಂದಣಿ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಒಂದು, ಅಲ್ಲಿಂದ ಇನ್ನೊಂದು. ಯಾಕಂದರೆ ಈ ಅಲೆಗಳನ್ನ ನೆಲಕ್ಕೆ ತಿರುಗಿಸಿ ಕಳಿಸೋ ಮೇಲಿನ ವಾಯುಪದರ, ಅಯಾನುಗೋಳ, ಋತುವಿಗೆ ತಕ್ಕಂತೆ ಬದಲಾಗುತ್ತೆ, ಬೇಸಿಗೆಯಲ್ಲಿ ನಡೆದ ಬ್ಯಾಂಡ್ ಚಳಿಗಾಲದ ರಾತ್ರಿ ನಡೆಯಲ್ಲ. ನೀವು ಬಿಟ್ಟ ಜಾಗಕ್ಕೆ ಮುಂದಿನ ಋತುವಿನಲ್ಲಿ ಬೇರೆಯವರು ಬಂದು ಕೂರ್ತಾರೆ. ಖಾಲಿ ಸೀಟಿಗೆ ಟವೆಲ್ ಹಾಕಿಟ್ಟು ಹೋಗೋಕೆ ಆಗಲ್ಲ.

ಟ್ರಾನ್ಸ್‌ಮಿಟರ್ 250 ಕಿಲೊವಾಟ್‌ನದ್ದು ಅಂದರೆ ಕೊನೆಯ ಹಂತದಲ್ಲಿ ದೊಡ್ಡ ನಿರ್ವಾತ ವಾಲ್ವ್ (ಒಳಗಿನ ಗಾಳಿ ತೆಗೆದ ಕೊಳವೆ) ಇರುತ್ತೆ. ಅದನ್ನ ತಿಂಗಳುಗಟ್ಟಲೆ ಸುಮ್ಮನೆ ಇಟ್ಟರೆ ಒಳಗೆ ಅನಿಲ ಸೇರುತ್ತೆ. ನೇರವಾಗಿ ಪೂರ್ತಿ ವೋಲ್ಟೇಜ್ ಕೊಟ್ಟರೆ ಒಳಗೇ ಕಿಡಿ ಹಾರಿ ವಾಲ್ವ್ ಹೋಗುತ್ತೆ. ಮೊದಲು ಫಿಲಮೆಂಟ್ ಮಾತ್ರ ಕಾಯಿಸಿ, ಆಮೇಲೆ ವೋಲ್ಟೇಜನ್ನ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಫಿಲಿಪ್ಪೀನ್ಸ್, ಥಾಯ್ಲೆಂಡ್‌ನ ಕೇಂದ್ರಗಳ ತೇವಕ್ಕೆ ಇನ್ಸುಲೇಟರ್ ಮೇಲೆ ಪಾಚಿ, ಧೂಳು ಕೂತು ಸೋರಿಕೆ ಬೇರೆ. ಇದನ್ನ ಕೈಯಲ್ಲಿ ಮಾಡಿದ ಎಂಜಿನಿಯರುಗಳು ನಿವೃತ್ತಿಯ ಅಂಚಿನಲ್ಲಿದ್ದಾರೆ.

ಎಲ್ಲಕ್ಕಿಂತ ದೊಡ್ಡದು ಕೇಳುಗನ ಅಭ್ಯಾಸ. ರಾತ್ರಿ ಒಂಬತ್ತಕ್ಕೆ ಆ ಜಾಗದಲ್ಲಿ ಆ ದನಿ ಬರುತ್ತೆ ಅಂತ ಗೊತ್ತಿರಬೇಕು. ಎರಡು ಸಲ ತಿರುಗಿಸಿ ಬರೀ ಸುಯ್ ಶಬ್ದ ಕೇಳಿದವನು ಮೂರನೇ ಸಲ ತಿರುಗಿಸಲ್ಲ. ಅಮೆರಿಕದ ದುಡ್ಡಲ್ಲಿ ನಡೀತಿದ್ದ ರೇಡಿಯೊ ಫ್ರೀ ಏಷ್ಯಾ ಅಕ್ಟೋಬರ್ 31ಕ್ಕೆ ಸುದ್ದಿ ಕೆಲಸ ನಿಲ್ಲಿಸಿತು. ಉಯ್ಘರ್, ಟಿಬೆಟನ್ ಭಾಷೆಯಲ್ಲಿ ಸ್ವತಂತ್ರ ಸುದ್ದಿ ಕೊಡೋರು ಜಗತ್ತಲ್ಲಿ ಎಷ್ಟು ಜನ ಇದ್ದರು? ಆ ವರದಿಗಾರರನ್ನ ಮತ್ತೆ ಎಲ್ಲಿಂದ ತರ್ತೀರಿ?

ಸಂಪಿಗೆ_ರಸ್ತೆ
ಸರಿ, ಮಾತು ವಾಪಸ್ ತಗೊಂಡೆ. ಆದರೆ ವಿದ್ಯಾರ್ಥಿಗಳು? ಅವರು ಹೋಗೋದು ಕೆಲಸಕ್ಕೆ, ಪ್ರೀತಿಗಲ್ಲ. ಬಾಗಿಲು ತೆಗೆದ ದಿನ ಮತ್ತೆ ಸಾಲು ನಿಲ್ತಾರೆ.

ಐ20_ಕಡತ
ಅರ್ಧ ಸರಿ. 2024-25ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,63,019, ಎಲ್ಲ ದೇಶಗಳಿಗಿಂತ ಹೆಚ್ಚು. ಆದರೆ ಆ ಸಂಖ್ಯೆಯಲ್ಲಿ ಮೊದಲೇ ಹೋದವರೂ, ಓದು ಮುಗಿಸಿ ಒಪಿಟಿ (ಓದಿನ ನಂತರದ ತಾತ್ಕಾಲಿಕ ಕೆಲಸದ ಅನುಮತಿ) ಮೇಲೆ ಕೆಲಸ ಮಾಡೋರೂ ಸೇರಿದ್ದಾರೆ. ಹೊಸದಾಗಿ ಸೇರಿದವರ ಲೆಕ್ಕ ನೋಡಿ: 2025ರ ಶರತ್ಕಾಲದಲ್ಲಿ ಎಲ್ಲ ದೇಶಗಳೂ ಸೇರಿ ಶೇ. 17 ಇಳಿಕೆ.

ಕಾರಣ ಕ್ಯಾಲೆಂಡರ್‌ನಲ್ಲೇ ಇದೆ. ಪ್ರವೇಶ ಸಿಕ್ಕಿ ಬ್ಯಾಂಕ್ ದಾಖಲೆ ಕೊಟ್ಟ ಮೇಲೆ ವಿಶ್ವವಿದ್ಯಾಲಯದಿಂದ ಐ-20 ಅನ್ನೋ ಅರ್ಹತಾ ಪತ್ರ ಬರುತ್ತೆ. ಆಮೇಲೆ 350 ಡಾಲರ್ ಸೆವಿಸ್ (ವಿದ್ಯಾರ್ಥಿ ನೋಂದಣಿ) ಶುಲ್ಕ, ಡಿಎಸ್-160 ಅನ್ನೋ ವೀಸಾ ಅರ್ಜಿಗೆ 185 ಡಾಲರ್, ಬೆರಳಚ್ಚು, ಸಂದರ್ಶನ. ತರಗತಿ ಆಗಸ್ಟ್‌ಗೆ. ಅಂದರೆ ಮೇ ಕೊನೆಯಿಂದ ಜುಲೈವರೆಗಿನ ಸಂದರ್ಶನಗಳೇ ಇಡೀ ವರ್ಷದ ಜೀವಾಳ. ತಡೆ ಬಿದ್ದದ್ದು ಮೇ 27ಕ್ಕೆ, ತೆರವಾದದ್ದು ಜೂನ್ ಮೂರನೇ ವಾರಕ್ಕೆ. ತೆರೆದಾಗ ಹೊಸ ಷರತ್ತು: ಸಾಮಾಜಿಕ ಜಾಲತಾಣದ ಖಾತೆ ಎಲ್ಲರಿಗೂ ಕಾಣುವಂತೆ ಇಡಬೇಕು. ಒಬ್ಬೊಬ್ಬರ ಪರಿಶೀಲನೆಗೆ ಸಮಯ ಹೆಚ್ಚು, ದಿನದ ಸಂದರ್ಶನ ಕಡಿಮೆ. ಮೂರು ವಾರದ ತಡೆಗೆ ಎಷ್ಟೋ ಜನರ ಒಂದು ವರ್ಷದ ಪ್ರವೇಶವೇ ಹೋಯ್ತು. ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ (ಕೆಲಸದ ವೀಸಾ) ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಬಂದ ಮೇಲೆ "ಓದಿ, ಕೆಲಸ ಹಿಡಿದು, ಸಾಲ ತೀರಿಸು" ಅನ್ನೋ ಲೆಕ್ಕದ ಮೂರನೇ ಭಾಗಕ್ಕೇ ಪೆಟ್ಟು. ಅಮೆರಿಕದೊಳಗೇ ವೀಸಾ ಬದಲಿಸುವ ವಿದ್ಯಾರ್ಥಿಗೆ ಇದು ಇಲ್ಲ ಅಂತ ಸ್ಪಷ್ಟನೆ ಬಂತು, ಬಂದದ್ದು ಮಾತ್ರ ಒಂದು ತಿಂಗಳ ಮೇಲೆ. ಅಷ್ಟರಲ್ಲಿ ಮನೆಮನೆಗಳಲ್ಲಿ ಜರ್ಮನಿ, ಐರ್ಲೆಂಡ್ ಮಾತು ಶುರುವಾಗಿತ್ತು.

ಬೆಂಗಳೂರಿನಲ್ಲಿ 2025ರ ಜನವರಿ 17ಕ್ಕೆ ಕಾನ್ಸುಲೇಟ್ ಉದ್ಘಾಟನೆ ಆಯ್ತು, ವೀಸಾ ಸೇವೆ ಇಲ್ಲದೆ. ದಶಕಗಳ ಬೇಡಿಕೆ ಈಡೇರಿದ ಮೂರೇ ದಿನಕ್ಕೆ ವಾಷಿಂಗ್ಟನ್‌ನ ನೀತಿಯೇ ಬದಲಾಯ್ತು.

ದೀವಿಗೆ
ಚೀನಾ ಆ ಜಾಗ ತುಂಬುತ್ತೆ ಬಿಡಿ.

ಕೋಟೆ_ಕೊತ್ತಲ
ಎಲ್ಲಿ ಲಾಭವೋ ಅಲ್ಲಿ ಮಾತ್ರ. 2025ರ ಮಾರ್ಚ್ 28ರ ಮ್ಯಾನ್ಮಾರ್ ಭೂಕಂಪ ನೋಡಿ. ಚೀನಾ, ರಷ್ಯಾ, ಭಾರತದ ರಕ್ಷಣಾ ತಂಡಗಳು ಬೇಗ ಇಳಿದವು, ಭಾರತದ್ದಕ್ಕೆ ಆಪರೇಷನ್ ಬ್ರಹ್ಮ ಅಂತ ಹೆಸರು. ಅಮೆರಿಕ ಕಳಿಸಿದ್ದು ಮೂರು ಜನರ ಪರಿಶೀಲನಾ ತಂಡ. ಅವರು ಅಲ್ಲಿ ಇರುವಾಗಲೇ ನಿಮ್ಮ ಕೆಲಸ ಹೋಗಿದೆ ಅಂತ ತಿಳಿಸಿದರು. ಮೇ ತಿಂಗಳಲ್ಲಿ ಚೀನಾ ವಿಶ್ವ ಆರೋಗ್ಯ ಸಂಸ್ಥೆಗೆ ಐದು ವರ್ಷದಲ್ಲಿ 50 ಕೋಟಿ ಡಾಲರ್ ಕೊಡ್ತೀವಿ ಅಂತ ಘೋಷಿಸಿತು. ಆದರೆ ಆಫ್ರಿಕಾದ ಎಚ್‌ಐವಿ ಮಾತ್ರೆಯ ಖರ್ಚು ಹೊರೋಕೆ ಚೀನಾ ಮುಂದೆ ಬಂದಿಲ್ಲ. ಅದರ ಹಣದ ಬಹುಪಾಲು ಸಾಲ. ಹಾಗಾಗಿ ಎಷ್ಟೋ ಕಡೆ ಜಾಗ ಖಾಲಿಯೇ ಉಳಿಯುತ್ತೆ, ಅದು ಇನ್ನೂ ಕೆಟ್ಟದ್ದು.

ಮಾತ್ರೆ_ಚೀಟಿ
ಎಚ್‌ಐವಿ ಮಾತ್ರೆ ವಿಷಯದಲ್ಲಿ ಕೊಂಚ ಆಶೆ ಇದೆ. 2003ರಲ್ಲಿ ಬುಷ್ ಶುರು ಮಾಡಿದ ಎಚ್‌ಐವಿ ನೆರವು ಯೋಜನೆ ಪೆಪ್‌ಫಾರ್‌ನ ಬೆನ್ನೆಲುಬು ಭಾರತದ ಜೆನೆರಿಕ್ ಕಾರ್ಖಾನೆಗಳು. ಮೂರು ಔಷಧ ಸೇರಿದ ದಿನಕ್ಕೊಂದು ಮಾತ್ರೆ, ವರ್ಷದ ಬೆಲೆ 45 ಡಾಲರ್‌ಗಿಂತ ಕಡಿಮೆ. ಕಾರ್ಖಾನೆ ಎಲ್ಲೂ ಹೋಗಿಲ್ಲ. ತೊಂದರೆ ಮಾತ್ರೆಯದ್ದಲ್ಲ, ರೋಗಿ ಬಾರದಿದ್ದರೆ ಫೋನ್ ಮಾಡಿ ಹುಡುಕುವ ಜನರದ್ದು. ಮಾತ್ರೆ ಬಿಟ್ಟು ಹಿಡಿದು ಮಾಡಿದರೆ ವೈರಸ್ ಅದಕ್ಕೆ ಜಗ್ಗದ ಹಾಗೆ ಬದಲಾಗುತ್ತೆ.

ಈಗ ಹೊಸ ದಾರಿ: ಸ್ವಯಂಸೇವಾ ಸಂಸ್ಥೆಗಳನ್ನ ಬಿಟ್ಟು ಸರ್ಕಾರ ಸರ್ಕಾರದ ನಡುವೆ ಒಪ್ಪಂದ. ಮೊದಲು ಸಹಿ ಹಾಕಿದ್ದು ಕೀನ್ಯಾ, 2025ರ ಡಿಸೆಂಬರ್ 4. ಐದು ವರ್ಷಕ್ಕೆ ಅಮೆರಿಕದ್ದು 160 ಕೋಟಿ ಡಾಲರ್, ಕೀನ್ಯಾ ತನ್ನ ಬಜೆಟ್ಟಿಂದ 85 ಕೋಟಿ ಹೆಚ್ಚಿಸಬೇಕು. ತಾತ್ವಿಕವಾಗಿ ನನಗೆ ಇದು ಇಷ್ಟ. ಆದರೆ ರೋಗಿಗಳ ಮಾಹಿತಿ ಹಂಚಿಕೆಯ ಭಾಗಕ್ಕೆ ಅಲ್ಲಿನ ಹೈಕೋರ್ಟು ಕೂಡಲೇ ತಡೆ ಕೊಟ್ಟಿತು. ಮಾತ್ರೆಗೆ ಬದಲು ಮಾಹಿತಿ ಅನ್ನೋ ಅನುಮಾನ ಬಂತು ನೋಡಿ, ಅದೇ 1966ರ ಗೋಧಿ ಕಥೆ.

ಜನಗಣತಿ
ಅಂಕಿಅಂಶ ಮರೀಬೇಡಿ. 1984ರಿಂದ 90ಕ್ಕೂ ಹೆಚ್ಚು ದೇಶಗಳಲ್ಲಿ ನಡೆದ ಮನೆಮನೆ ಆರೋಗ್ಯ ಸಮೀಕ್ಷೆ ಯುಎಸ್‌ಏಡ್ ದುಡ್ಡಲ್ಲಿ. ಬರದ ಮುನ್ಸೂಚನೆ ಕೊಡುವ ಫ್ಯೂಸ್ ನೆಟ್, ಇಥಿಯೋಪಿಯಾ ಕ್ಷಾಮದ ನಂತರ 1985ರಲ್ಲಿ ಹುಟ್ಟಿದ್ದು, 2025ರ ಜನವರಿ ಕೊನೆಗೆ ಕತ್ತಲಾಯ್ತು, ತಿಂಗಳುಗಳ ಮೇಲೆ ವಾಪಸ್ ಬಂತು. ಮಳೆ, ಮಾರುಕಟ್ಟೆ ಬೆಲೆ ಪ್ರತಿ ತಿಂಗಳೂ ಬರೆದಿಟ್ಟರೆ ಮಾತ್ರ ಹೋಲಿಕೆ ಸಾಧ್ಯ. ತಪ್ಪಿದ ತಿಂಗಳನ್ನ ಹಿಂದೆ ಹೋಗಿ ಅಳೆಯೋಕೆ ಆಗಲ್ಲ.

ನೇರಳೆಮರ
ಎಲ್ಲ ಓದಿದ ಮೇಲೆ ನನಗೆ ಒಂದು ಗೆರೆ ಕಾಣ್ತಿದೆ. ಹೆಬ್ಬಾಳ, ಪುಸ್ತಕ ಖರೀದಿ, ಮಾತ್ರೆ ಕಾರ್ಖಾನೆ, ಇವಕ್ಕೆ ವಾಷಿಂಗ್ಟನ್ ಆಡಳಿತದ ಹೊರಗೂ ಒಡೆಯರಿದ್ದರು, ಉಳಿದವು. ಪೂರ್ತಿ ವಾಷಿಂಗ್ಟನ್ ಕೈಯಲ್ಲಿದ್ದದ್ದು ಒಂದು ಸಹಿಗೆ ಬಿತ್ತು. ಹಿಂದೆ ಹೀಗೆ ಮುಚ್ಚಿ ಮತ್ತೆ ತೆರೆದ ಉದಾಹರಣೆ ಇದೆಯಾ?

ಮೂವತ್ತೊಂದು_ಮೀಟರ್
ಇದೆ. 1953ರಿಂದ ಇದ್ದ ಯುಎಸ್‌ಐಎ, ಗ್ರಂಥಾಲಯ ಮತ್ತು ಪ್ರಚಾರ ನೋಡಿಕೊಳ್ಳುತ್ತಿದ್ದ ಸಂಸ್ಥೆ. ಶೀತಲ ಸಮರ ಮುಗೀತು ಅಂತ 1999ರ ಅಕ್ಟೋಬರ್ 1ಕ್ಕೆ ವಿದೇಶಾಂಗ ಇಲಾಖೆಯಲ್ಲಿ ಕರಗಿಸಿದರು. ಎರಡೇ ವರ್ಷಕ್ಕೆ ಸೆಪ್ಟೆಂಬರ್ 11. ಗಡಿಬಿಡಿಯಲ್ಲಿ ಅರಬ್ಬಿ ಭಾಷೆಯಲ್ಲಿ 2002ಕ್ಕೆ ರೇಡಿಯೊ ಸಾವಾ, 2004ಕ್ಕೆ ಅಲ್‌ಹುರ್ರಾ ಟಿವಿ ಸೊನ್ನೆಯಿಂದ ಕಟ್ಟಿದರು. ಅಷ್ಟರಲ್ಲಿ ಅಲ್ ಜಜೀರಾ ಅರಬ್ ಮನೆಗಳಲ್ಲಿ ಬೇರು ಬಿಟ್ಟಿತ್ತು. ಅಲ್‌ಹುರ್ರಾ ಕೊನೆಗೂ ಅದರ ಹತ್ತಿರ ಸುಳಿಯಲಿಲ್ಲ.

ತಾಳೆಗರಿ
@ನೇರಳೆಮರ, ನಿಮ್ಮ ಗೆರೆಗೆ ಫುಲ್‌ಬ್ರೈಟ್ ಸರಿಯಾದ ಪರೀಕ್ಷೆ. ಭಾರತದಲ್ಲಿ 1950ರಿಂದ ಇದೆ. 2008ರ ಒಪ್ಪಂದದಲ್ಲಿ ಎರಡೂ ಸರ್ಕಾರ ಸಮಪಾಲು ಹಣ ಹಾಕೋದು ಅಂತಾಯ್ತು, ಹೆಸರಿಗೆ ನೆಹರೂ ಸೇರಿತು. ಆದರೆ 2025ರ ಜೂನ್‌ನಲ್ಲಿ ವಾಷಿಂಗ್ಟನ್‌ನ ಫುಲ್‌ಬ್ರೈಟ್ ಮಂಡಳಿಯ 12 ಸದಸ್ಯರಲ್ಲಿ 11 ಜನ, ಆಯ್ಕೆಯಾದವರ ಪಟ್ಟಿಯಲ್ಲಿ ಕೈಯಾಡಿಸ್ತಿದ್ದಾರೆ ಅಂತ ರಾಜೀನಾಮೆ ಕೊಟ್ಟರು.

ಅಕ್ಕಿಹೆಬ್ಬಾಳು
ಹಾಗಿದ್ದರೆ ನಮ್ಮ ಅರ್ಧ ದುಡ್ಡಿಗೆ ಆಯ್ಕೆಯಲ್ಲಿ ಅರ್ಧ ಮಾತು ಇದೆಯಾ, ಇಲ್ವಾ?

ತಾಳೆಗರಿ
ಅರ್ಜಿ ಜರಡಿ ಹಿಡಿಯೋದು, ಸಂದರ್ಶನ, ಹೆಸರು ಸೂಚಿಸೋದು ದೆಹಲಿಯ ಜಂಟಿ ಪ್ರತಿಷ್ಠಾನ. ಕೊನೆಯ ಒಪ್ಪಿಗೆಯ ಮೊಹರು ಆ ವಾಷಿಂಗ್ಟನ್ ಮಂಡಳಿಯದ್ದು. ಮುಂದಿನ ಸಲ ಒಪ್ಪಂದ ತಿದ್ದುವಾಗ ನಮ್ಮವರು ಹಿಡಿದು ಕೇಳಬೇಕಾದ್ದು ಆ ಒಂದು ಸಾಲನ್ನ.